ಚಳಿಗಾಲದ ಬೆಟ್ಟಕ್ಕೆ ಗುಂಪಾಗಿ ಹೊರಡುವ ಮುನ್ನ

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ, ಹೋಬಾರ್ಟ್ ನಗರದ ಬೆನ್ನಿಗೇ ಮೌಂಟ್ ವೆಲಿಂಗ್ಟನ್ ಇದೆ. ಮೂಲನಿವಾಸಿಗಳ ಮಾತಿನಲ್ಲಿ ಅದು ಕುನಾನಿ. ಎತ್ತರ 1,271 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 600 ಮೀಟರಿಗೂ ಹೆಚ್ಚು ಗಿಡ್ಡ. ಹಾಗೆಂದು ಹಗುರವಾಗಿ ಎಣಿಸಬೇಡಿ. ನಮ್ಮಲ್ಲಿ ಚಳಿಗಾಲವೆಂದರೆ ಮಳೆ ನಿಂತು ಚಾರಣಕ್ಕೆ ಹದವಾದ ಕಾಲ. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲದಲ್ಲಿ ಬೆಳಗಿನ ಬಿಸಿಲು ಮಧ್ಯಾಹ್ನದ ಹೊತ್ತಿಗೆ ಹಿಮಪಾತಕ್ಕೆ ತಿರುಗಬಹುದು. ಚಳಿಗಾಲ ಆಗಷ್ಟೇ ಮುಗಿದಿದ್ದ 1903ರ ಸೆಪ್ಟೆಂಬರ್‌ನಲ್ಲಿ ಈ ಬೆಟ್ಟದ ತುದಿಗೆ ನಡೆದ ಓಟದ ಸ್ಪರ್ಧೆಯಲ್ಲಿ ಹಿಮಗಾಳಿಗೆ ಸಿಕ್ಕಿ ಇಬ್ಬರು ತೀರಿಕೊಂಡರು.

ಊರಿನ ಹವಾಮಾನ ಬೆಟ್ಟದ ಹವಾಮಾನವಲ್ಲ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಹೋಬಾರ್ಟ್‌ನಲ್ಲಿ 10 ಡಿಗ್ರಿ ಇದ್ದರೆ ತುದಿಯಲ್ಲಿ 2 ಡಿಗ್ರಿಯ ಆಸುಪಾಸು. ಅದರ ಮೇಲೆ ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ತಟ್ಟುವ ಚಳಿ ಮೈನಸ್ 5ರಷ್ಟು. ಆದ್ದರಿಂದ ಮುನ್ಸೂಚನೆಯಲ್ಲಿ ಮಳೆಗಿಂತ ಮೊದಲು ಗಾಳಿಯ ವೇಗವನ್ನು ನೋಡಿ.

ಮುಂದಿನದು ಹೊತ್ತಿನ ಲೆಕ್ಕ. ಜೂನ್‌ನಲ್ಲಿ ಅಲ್ಲಿ ಹಗಲು ಒಂಬತ್ತೇ ಗಂಟೆ. ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಸಮತಟ್ಟಿನಲ್ಲಿ ಗಂಟೆಗೆ 5 ಕಿಲೋಮೀಟರ್, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ ಎಂಬುದು 1892ರಲ್ಲಿ ಪರ್ವತಾರೋಹಿ ನೈಸ್ಮಿತ್ ಹಾಕಿಕೊಟ್ಟ ಸೂತ್ರ. ಗಟ್ಟಿಗರು ಒಣ ದಾರಿಯಲ್ಲಿ ನಡೆಯುವ ಲೆಕ್ಕ ಅದು. ಗುಂಪಿಗೆ, ಅದೂ ಮಂಜುಗಟ್ಟಿದ ಕಲ್ಲಿನ ಮೇಲೆ, ಧಾರಾಳವಾಗಿ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಎಲ್ಲಿದ್ದರೂ ಸರಿ, ಇಷ್ಟು ಗಂಟೆಗೆ ಹಿಂದಿರುಗುತ್ತೇವೆ ಎಂಬುದನ್ನು ಬುಡದಲ್ಲೇ ಎಲ್ಲರೂ ಕೂಡಿ ನಿಗದಿ ಮಾಡಿ. ಇದಕ್ಕಿಂತ ಮುಖ್ಯವಾದ ತೀರ್ಮಾನ ಆ ದಿನ ಇನ್ನೊಂದಿಲ್ಲ. ತುದಿ ಕಣ್ಣೆದುರು ಕಂಡಮೇಲೆ ಯಾರಿಗೂ ಹಿಂದಿರುಗುವ ಮನಸ್ಸಾಗುವುದಿಲ್ಲ. ‘ಇನ್ನು ಸ್ವಲ್ಪವೇ’ ಎಂದವರ ಮಾತೇ ಗೆಲ್ಲುತ್ತದೆ.

ಗುಂಪಿನ ನಡಿಗೆಯನ್ನು ನಿಧಾನಸ್ಥರೇ ನಿರ್ಧರಿಸಲಿ. ದಾರಿ ಬಲ್ಲವರೊಬ್ಬರು ಮುಂದೆ, ಅನುಭವಿಯೊಬ್ಬರು ಕಟ್ಟಕಡೆಗೆ. ದಾರಿ ಕವಲೊಡೆಯುವಲ್ಲೆಲ್ಲ ನಿಂತು ತಲೆ ಎಣಿಸಿ. ಹಿಂದುಳಿದವರು ಬಂದು ಸೇರಿದ ತಕ್ಷಣ ಮುಂದಿನವರು ಹೊರಟುಬಿಡುವುದನ್ನು ಎಷ್ಟೋ ಗುಂಪುಗಳಲ್ಲಿ ಕಾಣುತ್ತೇವೆ. ಅದು ಅನ್ಯಾಯ. ವಿಶ್ರಾಂತಿ ಹೆಚ್ಚು ಬೇಕಾದವರಿಗೇ ಅದು ಸಿಗದೆ ಹೋಗುತ್ತದೆ.

ನಿಂತಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಿ. ನಡುಕ, ತೊದಲು ಮಾತು, ಎಡವು ಕಾಲು, ಸುಮ್ಮಸುಮ್ಮನೆ ಸಿಡುಕು ಕಂಡರೆ ಹೈಪೋಥರ್ಮಿಯಾ, ಅಂದರೆ ದೇಹದ ಒಳಶಾಖ ಕುಸಿಯುವುದು, ಶುರುವಾಗಿದೆ ಎಂದೇ ತಿಳಿಯಿರಿ. ಅಂಥವರು ತಾವು ಚೆನ್ನಾಗಿದ್ದೇವೆ ಎಂದೇ ಹೇಳುತ್ತಾರೆ, ನಂಬಬೇಡಿ. ಗಾಳಿಯ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆ ಬಿಚ್ಚಿಸಿ, ಒಣ ಬಟ್ಟೆ ತೊಡಿಸಿ, ಬಿಸಿಯಾದ ಸಿಹಿ ಪಾನೀಯ ಕೊಡಿ. ಮದ್ಯ ಬೇಡವೇ ಬೇಡ. ಚೇತರಿಸಿಕೊಳ್ಳದೆ ನಡುಕ ಮಾತ್ರ ನಿಂತರೆ ಅಪಾಯ ಹೆಚ್ಚಿದೆ; ತಡಮಾಡದೆ ಆಸ್ಟ್ರೇಲಿಯಾದ ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಿ.

ಹತ್ತಿ ಬಟ್ಟೆ ನೆನೆದರೆ ಮೈಯ ಶಾಖ ಹೀರುತ್ತದೆ. ಉಣ್ಣೆ ನೆನೆದರೂ ತುಸು ಬೆಚ್ಚಗಿಡುತ್ತದೆ. ಜೀನ್ಸ್ ಮನೆಯಲ್ಲಿರಲಿ. ಮಳೆ ಜಾಕೆಟ್, ಟೋಪಿ, ಕೈಗವಸು, ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರ ಚೀಲದಲ್ಲೂ ಇರಲಿ.

ಹೋಗುವ ದಾರಿ, ಹಿಂದಿರುಗುವ ಹೊತ್ತು ಎರಡನ್ನೂ ಊರಲ್ಲಿ ಉಳಿದ ಒಬ್ಬರಿಗೆ ಬರೆದುಕೊಡಿ. ಇಳಿದ ಕೂಡಲೇ ಅವರಿಗೆ ಫೋನ್ ಮಾಡಿ. ಇಲ್ಲದಿದ್ದರೆ ನೀವು ಮನೆ ಸೇರಿದ ಮೇಲೂ ರಕ್ಷಣಾ ತಂಡದವರು ಕತ್ತಲಲ್ಲಿ ನಿಮ್ಮನ್ನು ಹುಡುಕುತ್ತಿರುತ್ತಾರೆ.