ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಣ ಮಾಧ್ಯಮ ನೀತಿ

ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಣ ಮಾಧ್ಯಮ ನೀತಿ ಎಂಬುದು, ಮಕ್ಕಳಿಗೆ ಯಾವ ಭಾಷೆಯ ಮೂಲಕ ಪಾಠ ಹೇಳಬೇಕು ಎಂಬ ವಿಷಯದಲ್ಲಿ ರಾಜ್ಯ ಸರ್ಕಾರವು ಕಾಲಕಾಲಕ್ಕೆ ಕೈಗೊಂಡ ನಿರ್ಧಾರಗಳ ಒಟ್ಟು ಹೆಸರು. 1994ರ ಭಾಷಾ ನೀತಿಯ ಆದೇಶ ಇವುಗಳಲ್ಲಿ ಮುಖ್ಯವಾದುದು. 2014ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬಳಿಕ ಖಾಸಗಿ ಅನುದಾನರಹಿತ ಶಾಲೆಗಳಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸುವ ಅಧಿಕಾರ ಸರ್ಕಾರಕ್ಕೆ ಉಳಿಯಲಿಲ್ಲ. ಹೀಗಾಗಿ ಮಾಧ್ಯಮದ ಕುರಿತ ರಾಜಕೀಯ ನಿರ್ಧಾರಗಳ ಪರಿಣಾಮವನ್ನು ಮುಖ್ಯವಾಗಿ ಸರ್ಕಾರಿ ಶಾಲೆಗಳು ಮತ್ತು ಅಲ್ಲಿನ ಶಿಕ್ಷಕರು ಎದುರಿಸುವಂತಾಗಿದೆ.

ಭಾಷಾ ವಿಷಯ ಮತ್ತು ಮಾಧ್ಯಮ

ಈ ಚರ್ಚೆಯಲ್ಲಿ ಎರಡು ಸಂಗತಿಗಳು ಅನೇಕ ವೇಳೆ ಬೆರೆತುಹೋಗುತ್ತವೆ. ಒಂದು ಭಾಷೆಯನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸುವುದು ಒಂದು ವಿಚಾರ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳನ್ನು ಆ ಭಾಷೆಯಲ್ಲಿ ಬೋಧಿಸುವುದು ಇನ್ನೊಂದು ವಿಚಾರ. ಎರಡನೆಯದಕ್ಕೆ ಮಾತ್ರ ಶಿಕ್ಷಣ ಮಾಧ್ಯಮ ಎಂಬ ಹೆಸರು ಸಲ್ಲುತ್ತದೆ.

1980ರ ದಶಕದ ಗೋಕಾಕ್ ಚಳವಳಿಯು ಮೊದಲನೆಯದಕ್ಕೆ ಸಂಬಂಧಿಸಿದ್ದು. ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು ಕನ್ನಡವನ್ನು ಕಲಿಯದೆಯೇ ಶಿಕ್ಷಣ ಮುಗಿಸುವ ಅವಕಾಶವಿದ್ದ ಹಿನ್ನೆಲೆಯಲ್ಲಿ, ಸರ್ಕಾರವು 1980ರಲ್ಲಿ ವಿ. ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಸಮಿತಿಯು 1981ರಲ್ಲಿ ಶಿಫಾರಸು ಮಾಡಿತು. ವರದಿಯ ಜಾರಿಗಾಗಿ ಸಾಹಿತಿಗಳು ಆರಂಭಿಸಿದ ಹೋರಾಟವು 1982ರಲ್ಲಿ ನಟ ರಾಜ್‌ಕುಮಾರ್ ಅವರ ಪ್ರವೇಶದಿಂದ ವ್ಯಾಪಕವಾಯಿತು. ಅಂದಿನ ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರ ಸರ್ಕಾರವು ಅದೇ ವರ್ಷ ಭಾಷಾ ಆದೇಶಗಳನ್ನು ಹೊರಡಿಸಿತು.

1994ರ ಆದೇಶ

ಸಂವಿಧಾನದ 42ನೆಯ ತಿದ್ದುಪಡಿಯ ನಂತರ ಶಿಕ್ಷಣವು ಸಮವರ್ತಿ ಪಟ್ಟಿಗೆ ಸೇರಿದ್ದರೂ, ಶಾಲೆಗಳ ಮಾನ್ಯತೆ, ಪಠ್ಯಪುಸ್ತಕ, ಶಿಕ್ಷಕರ ನೇಮಕಾತಿ ಮುಂತಾದ ದೈನಂದಿನ ಆಡಳಿತ ರಾಜ್ಯದ ಕೈಯಲ್ಲೇ ಇದೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಕರ್ನಾಟಕದಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿ, ತಮಿಳು, ತೆಲುಗು ಮುಂತಾದ ಮಾಧ್ಯಮಗಳ ಸರ್ಕಾರಿ ಶಾಲೆಗಳೂ ಇವೆ.

ವೀರಪ್ಪ ಮೊಯಿಲಿ ಅವರು ಮುಖ್ಯಮಂತ್ರಿಯಾಗಿದ್ದಾಗ, 1994ರ ಏಪ್ರಿಲ್ 29ರಂದು ಹೊರಬಿದ್ದ ಆದೇಶವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ವಿಧಿಸಿತು. ಐದನೆಯ ತರಗತಿಯಿಂದ ಇಂಗ್ಲಿಷ್ ಅಥವಾ ಬೇರೆ ಮಾಧ್ಯಮಕ್ಕೆ ಬದಲಾಯಿಸಿಕೊಳ್ಳಲು ಅವಕಾಶವಿತ್ತು. ಸರ್ಕಾರಿ ಶಾಲೆಗಳಿಗೆ ಮಾತ್ರವಲ್ಲದೆ ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗಳಿಗೂ ಈ ನಿಯಮ ಅನ್ವಯಿಸಿತು. ಆದರೆ ಕನ್ನಡ ಮಾಧ್ಯಮಕ್ಕೆಂದು ಮಾನ್ಯತೆ ಪಡೆದು ಇಂಗ್ಲಿಷ್‌ನಲ್ಲಿ ಪಾಠ ನಡೆಸುತ್ತಿದ್ದ ಶಾಲೆಗಳು ಹಲವಿದ್ದವು.

ನ್ಯಾಯಾಲಯಗಳ ತೀರ್ಪು

ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಆದೇಶವನ್ನು ಪ್ರಶ್ನಿಸಿದವು. 2008ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್‌ನ ಪೂರ್ಣ ಪೀಠವು, ಸರ್ಕಾರ ನಡೆಸುವ ಹಾಗೂ ಅನುದಾನ ನೀಡುವ ಶಾಲೆಗಳನ್ನು ಹೊರತುಪಡಿಸಿ ಉಳಿದ ಶಾಲೆಗಳ ಮಟ್ಟಿಗೆ ಆದೇಶದ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ರಾಜ್ಯದ ಮೇಲ್ಮನವಿಯು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂದು, 2014ರ ಮೇ 6ರಂದು ವಜಾಗೊಂಡಿತು. ಮಗುವಿನ ಮಾತೃಭಾಷೆ ಯಾವುದೆಂಬುದನ್ನು ಪೋಷಕರೇ ತೀರ್ಮಾನಿಸಬೇಕು, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರುವಂತಿಲ್ಲ ಎಂದು ಪೀಠವು ಹೇಳಿತು.

ಇದಾದ ಮೇಲೆ ರಾಜ್ಯವು ಭಾಷಾ ವಿಷಯದತ್ತ ಹೊರಳಿತು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಅನ್ವಯ, ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವುದು 2017–18ರಿಂದ ಹಂತಹಂತವಾಗಿ ಕಡ್ಡಾಯವಾಯಿತು.

ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್

ಸರ್ಕಾರಿ ಶಾಲೆಗಳಲ್ಲಿ ಮೊದಲು ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್ ಭಾಷಾ ಕಲಿಕೆಯನ್ನು 2007–08ರಲ್ಲಿ ಒಂದನೆಯ ತರಗತಿಗೆ ತರಲಾಯಿತು. ಆಗ ಎಚ್. ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದರು. ಅವರೇ ಎರಡನೆಯ ಬಾರಿಗೆ ಮುಖ್ಯಮಂತ್ರಿಯಾದಾಗ, 2018ರ ಆಯವ್ಯಯದಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ತೆರೆಯುವುದಾಗಿ ಪ್ರಕಟಿಸಿದರು. 2019ರ ಜನವರಿಯಲ್ಲಿ ಧಾರವಾಡದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಇದಕ್ಕೆ ತೀವ್ರ ವಿರೋಧ ವ್ಯಕ್ತವಾಯಿತು. ಆದರೂ 2019–20ರ ಶೈಕ್ಷಣಿಕ ವರ್ಷದಿಂದ ವಿಭಾಗಗಳು ಆರಂಭವಾದವು. ಕನ್ನಡ ಮಾಧ್ಯಮದ ವಿಭಾಗವನ್ನು ಉಳಿಸಿಕೊಂಡೇ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಪಾಠವಿರುವ ದ್ವಿಭಾಷಾ ಪಠ್ಯಪುಸ್ತಕಗಳನ್ನು ಗಣಿತ ಮತ್ತು ಪರಿಸರ ಅಧ್ಯಯನ ವಿಷಯಗಳಿಗೆ ಸಿದ್ಧಪಡಿಸಲಾಯಿತು. ಅನಂತರ ಬಂದ ಸರ್ಕಾರಗಳೂ ಈ ಕ್ರಮವನ್ನು ಮುಂದುವರಿಸಿದವು.

ದಾಖಲಾತಿ ಮತ್ತು ಶಿಕ್ಷಕರ ಹುದ್ದೆ

ಮಾಧ್ಯಮದ ನಿರ್ಧಾರವು ಶಿಕ್ಷಕರನ್ನು ತಲುಪುವುದು ದಾಖಲಾತಿಯ ಮೂಲಕ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ, ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರಿರಬೇಕು. 61 ಮಕ್ಕಳಿರುವ ಶಾಲೆಯಿಂದ ಒಂದೇ ಮಗು ಖಾಸಗಿ ಶಾಲೆಗೆ ಹೋದರೂ ಈ ಲೆಕ್ಕದಲ್ಲಿ ಮೂರನೆಯ ಹುದ್ದೆಗೆ ಆಧಾರ ತಪ್ಪುತ್ತದೆ. ಇಂತಹ ಹುದ್ದೆಯಲ್ಲಿರುವವರನ್ನು ಹೆಚ್ಚುವರಿ ಶಿಕ್ಷಕರೆಂದು ಗುರುತಿಸಿ ಬೇರೆ ಶಾಲೆಗೆ ಮರುಹೊಂದಾಣಿಕೆ ಮಾಡಲಾಗುತ್ತದೆ. ಉಳಿದ ಇಬ್ಬರು ಐದು ತರಗತಿಗಳನ್ನು ನಿರ್ವಹಿಸಬೇಕಾಗುತ್ತದೆ. ಬೋಧನೆಗೆ ಸಮಯ ಸಾಲದಾದಾಗ ಇನ್ನಷ್ಟು ಪೋಷಕರು ಶಾಲೆ ಬದಲಿಸುತ್ತಾರೆ. ಶಾಲೆ ಚಿಕ್ಕದಾಗುವುದೂ ಶಿಕ್ಷಕರು ಕಡಿಮೆಯಾಗುವುದೂ ಹೀಗೆ ಒಂದಕ್ಕೊಂದು ಕಾರಣವಾಗುತ್ತವೆ.

ದಾಖಲಾತಿಯ ಮೇಲೆ ಸರ್ಕಾರದ ಇನ್ನೊಂದು ನಿರ್ಧಾರವೂ ಪ್ರಭಾವ ಬೀರಿತು. ಶಿಕ್ಷಣ ಹಕ್ಕು ಕಾಯಿದೆಯ 12(1)(ಸಿ) ಸೆಕ್ಷನ್ ಖಾಸಗಿ ಅನುದಾನರಹಿತ ಶಾಲೆಗಳಲ್ಲಿ ಶೇ. 25ರಷ್ಟು ಸೀಟುಗಳನ್ನು ದುರ್ಬಲ ಮತ್ತು ಅವಕಾಶವಂಚಿತ ವರ್ಗದ ಮಕ್ಕಳಿಗೆ ಮೀಸಲಿಡುತ್ತದೆ. ಕರ್ನಾಟಕವು ಇದನ್ನು 2012–13ರಿಂದ ಜಾರಿಗೊಳಿಸಿ, ಆ ಮಕ್ಕಳ ಶುಲ್ಕವನ್ನು ಶಾಲೆಗಳಿಗೆ ಮರುಪಾವತಿಸಿತು. ಬಡ ಮಕ್ಕಳಿಗೆ ಇದು ಹೊಸ ಅವಕಾಶವಾದರೂ, ಸರ್ಕಾರಿ ಶಾಲೆಗೆ ಸೇರಬಹುದಾಗಿದ್ದ ಮಕ್ಕಳು ಸರ್ಕಾರದ ಹಣದಲ್ಲಿಯೇ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಿಗೆ ಹೋಗುತ್ತಾರೆಂಬ ಆಕ್ಷೇಪವೂ ಇತ್ತು. 2019ರಲ್ಲಿ ನಿಯಮ ತಿದ್ದುಪಡಿಯಾಗಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಖಾಸಗಿ ಶಾಲೆಯ ಸೀಟು ಕೊಡಬೇಕಾಗಿಲ್ಲವೆಂದಾಯಿತು. ಹೈಕೋರ್ಟ್ ಅದೇ ವರ್ಷ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಬೋಧನೆಯ ಮೇಲಿನ ಪರಿಣಾಮ

ರಾಜ್ಯದ ಪ್ರಾಥಮಿಕ ಶಾಲಾ ಶಿಕ್ಷಕರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಡಿ.ಎಡ್. ಪೂರೈಸಿದವರು ಬಹುಸಂಖ್ಯಾತರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಬಳಿಕ ರಾಜ್ಯಕ್ಕೆ ವಿಸ್ತರಿಸಿದ ‘ನಲಿ–ಕಲಿ’ ಪದ್ಧತಿಯೂ ಕನ್ನಡದ ಹಾಡು, ಕಥೆ, ಚಟುವಟಿಕೆಗಳ ಆಧಾರದ ಮೇಲೆ ರೂಪುಗೊಂಡಿತ್ತು. ದ್ವಿಭಾಷಾ ವಿಭಾಗಗಳು ಬಂದಾಗ ಇದೇ ಶಿಕ್ಷಕರು ಅಲ್ಪಾವಧಿಯ ತರಬೇತಿ ಪಡೆದು ಇಂಗ್ಲಿಷ್‌ನಲ್ಲಿ ಬೋಧಿಸಬೇಕಾಯಿತು. ಮಗುವಿಗೂ ಶಿಕ್ಷಕರಿಗೂ ಭಾಷೆ ಹೊಸದಾದಾಗ ಪಾಠವು ಕಂಠಪಾಠಕ್ಕೆ ಇಳಿಯುವ ಸಂಭವ ಹೆಚ್ಚು. ಖಾಲಿ ಹುದ್ದೆಗಳಲ್ಲಿ ಗೌರವಧನದ ಮೇಲೆ ದುಡಿಯುವ ಅತಿಥಿ ಶಿಕ್ಷಕರಿರುವ ಕಡೆ, ತರಬೇತಿ ಪಡೆದವರು ಮುಂದಿನ ವರ್ಷವೂ ಅದೇ ಶಾಲೆಯಲ್ಲಿರುವರೆಂಬ ಭರವಸೆಯಿಲ್ಲ.

ಪರ ಮತ್ತು ವಿರೋಧ ವಾದಗಳು

ಮನೆಯ ಭಾಷೆಯಲ್ಲಿ ಓದು–ಬರಹ ಗಟ್ಟಿಯಾದ ಬಳಿಕವೇ ಮಗು ಇತರ ಭಾಷೆಗಳನ್ನು ಚೆನ್ನಾಗಿ ಕಲಿಯುತ್ತದೆ ಎಂಬುದು ಮಾತೃಭಾಷಾ ಮಾಧ್ಯಮದ ಪರವಾಗಿರುವವರ ವಾದ. ಶಿಕ್ಷಣ ಹಕ್ಕು ಕಾಯಿದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆನ್ನುತ್ತದೆ. ಶುಲ್ಕ ತೆರಬಲ್ಲವರ ಮಕ್ಕಳಿಗೆ ಇಂಗ್ಲಿಷ್ ದೊರೆಯುತ್ತಿರುವಾಗ ದಲಿತರ, ಕೂಲಿಕಾರರ, ಸಣ್ಣ ರೈತರ ಮಕ್ಕಳಿಗೆ ಮಾತ್ರ ಅದನ್ನು ನಿರಾಕರಿಸುವುದು ಅನ್ಯಾಯ ಎಂಬುದು ಎದುರು ವಾದ. ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸಿ, ಮಾಧ್ಯಮವನ್ನು ಕನ್ನಡದಲ್ಲಿಯೇ ಉಳಿಸಬೇಕೆಂಬ ಮೂರನೆಯ ನಿಲುವೂ ಇದೆ.

ಪ್ರಸ್ತುತ ಸ್ಥಿತಿ

ರಾಜ್ಯ ಶಿಕ್ಷಣ ನೀತಿಯನ್ನು ರೂಪಿಸಲು 2023ರಲ್ಲಿ ನೇಮಕಗೊಂಡ ಸುಖದೇವ್ ಥೋರಟ್ ನೇತೃತ್ವದ ಆಯೋಗವು 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿ, ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆ ಮಾಧ್ಯಮವಾಗಿರಬೇಕೆಂದು ಶಿಫಾರಸು ಮಾಡಿತು. ಆದರೆ ಖಾಸಗಿ ಶಾಲೆಗಳ ಮಟ್ಟಿಗೆ 2014ರ ತೀರ್ಪು ಇಂತಹ ಶಿಫಾರಸಿಗೆ ಮಿತಿಯೊಡ್ಡುತ್ತದೆ. ಸರ್ಕಾರಿ ಶಾಲೆಗಳ ಮಟ್ಟಿಗೆ ಅದರ ಜಾರಿಯು ದ್ವಿಭಾಷಾ ವಿಭಾಗಗಳ ಭವಿಷ್ಯಕ್ಕೂ, ಅಲ್ಲಿನ ದಾಖಲಾತಿಗೂ, ದಾಖಲಾತಿಯನ್ನು ಅವಲಂಬಿಸಿದ ಶಿಕ್ಷಕರ ಹುದ್ದೆಗಳಿಗೂ ನೇರವಾಗಿ ಸಂಬಂಧಿಸಿದೆ.