ನಿಮಗಿದು ಗೊತ್ತೆ? ನೂರು ಕೆಜಿ ಸಕ್ಕರೆಗೆ ಎಥನಾಲ್ ಎಷ್ಟು?

ಹೊಣಕೆರೆಯಿಂದ ಶ್ರೀರಂಗಪಟ್ಟಣದವರೆಗೆ ಕಬ್ಬು ಎಂದರೆ ಬೆಲ್ಲ, ಇಲ್ಲವೇ ಸಕ್ಕರೆ. 1933ರಲ್ಲಿ ಮಂಡ್ಯದಲ್ಲಿ ಶುರುವಾದ ಮೈಷುಗರ್ ಈ ಸೀಮೆಯ ಹಳೆಯ ಸಕ್ಕರೆ ಕಾರ್ಖಾನೆ. ಹರಳು ತೆಗೆದ ಮೇಲೆ ಉಳಿಯುವ ಕಪ್ಪನೆಯ, ಅಂಟಂಟು ಕಾಕಂಬಿಯಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆಯೇ ಇರುತ್ತದೆ. ಅದನ್ನು ಯೀಸ್ಟ್ ಹುಳಿಯಿಸಿದರೆ ಎಥನಾಲ್.

ಈ ಕ್ರಿಯೆಯ ರಾಸಾಯನಿಕ ಸಮೀಕರಣದ ಪ್ರಕಾರ 342 ಗ್ರಾಂ ಸುಕ್ರೋಸ್ (ಅಂದರೆ ಸಕ್ಕರೆ), 18 ಗ್ರಾಂ ನೀರಿನೊಡನೆ ಸೇರಿ 184 ಗ್ರಾಂ ಎಥನಾಲ್ ಕೊಡಬೇಕು. ಮಿಕ್ಕ 176 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಗುಳ್ಳೆಯೆದ್ದು ಹೋಗುತ್ತದೆ. ಅಂದರೆ 100 ಕೆಜಿ ಸಕ್ಕರೆಗೆ 53.8 ಕೆಜಿ ಎಥನಾಲ್. ಇದು ಕಾಗದದ ಲೆಕ್ಕ. ಯೀಸ್ಟ್‌ ತಾನೂ ಬೆಳೆಯಬೇಕಲ್ಲ! ಅದಕ್ಕೊಂದು ಪಾಲು, ಗ್ಲಿಸರಾಲ್‌ಗೊಂದು ಪಾಲು ಸಕ್ಕರೆ ಖರ್ಚಾಗುತ್ತದೆಂದು 19ನೇ ಶತಮಾನದಲ್ಲೇ ಲೂಯಿ ಪಾಶ್ಚರ್ ತೋರಿಸಿಕೊಟ್ಟಿದ್ದ.

ಇಳುವರಿ ಶೇ 90 ಎಂದಿಟ್ಟುಕೊಳ್ಳಿ. 53.8 × 90 ÷ 100 = 48.4 ಕೆಜಿ. ಎಥನಾಲ್ ನೀರಿಗಿಂತ ಹಗುರ, ಲೀಟರಿಗೆ ಸುಮಾರು 789 ಗ್ರಾಂ. ಹಾಗಾಗಿ ಇದು 61 ಲೀಟರಿನಷ್ಟಾಯಿತು.

ಪಿಯುಸಿ ಮಕ್ಕಳು ಗಮನಿಸಿ: ಶೇಕಡಾ ಇಳುವರಿಯನ್ನು ಲೆಕ್ಕ ಹಾಕಬೇಕಾದ್ದು 53.8ರ ಮೇಲೆ, ಆರಂಭದ 100 ಕೆಜಿಯ ಮೇಲಲ್ಲ.