ಊರಿಗೂ ನಿಲ್ದಾಣಕ್ಕೂ ನಡುವಿನ ಖರ್ಚು
ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳು ಮತ್ತು ಸ್ಥಳೀಯ ಸಾರಿಗೆಯ ಜೋಡಣೆ

ರೈಲ್ವೆ ಇಲಾಖೆಯು ನಿಲ್ದಾಣಗಳಿಗೆ ಹೆಸರಿಡುವ ಪದ್ಧತಿಯಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಇದೆ. ಊರು ಒಂದೆಡೆ, ನಿಲ್ದಾಣ ಮತ್ತೊಂದೆಡೆ ಇದ್ದರೆ ಊರಿನ ಹೆಸರಿಗೆ 'ರೋಡ್' ಎಂಬ ಪದವನ್ನು ಸೇರಿಸಲಾಗುತ್ತದೆ. ಗಾಣಗಾಪುರ ರೋಡ್, ಸುಬ್ರಹ್ಮಣ್ಯ ರೋಡ್, ಮೂಕಾಂಬಿಕಾ ರೋಡ್ ಬೈಂದೂರು ಇವು ನಮ್ಮ ರಾಜ್ಯದ ಪರಿಚಿತ ಉದಾಹರಣೆಗಳು. ಬೆಳಗಾವಿ-ಮೀರಜ್ ಮಾರ್ಗದಲ್ಲಿ ಗೋಕಾಕ ರೋಡ್ ಮತ್ತು ಚಿಕ್ಕೋಡಿ ರೋಡ್ ಇವೆ. ನಾಮಫಲಕದ ತಾತ್ಪರ್ಯ ಇಷ್ಟೇ: ಪ್ರಯಾಣಿಕರು ಇಲ್ಲಿ ಇಳಿಯಬಹುದು, ಮುಂದಿನ ದಾರಿ ರಸ್ತೆಯದು, ಅದರ ಹೊಣೆ ರೈಲ್ವೆಯದಲ್ಲ.

ಆ ಹೊಣೆ ಯಾರದು ಎಂಬ ಪ್ರಶ್ನೆಗೆ ನೂರು ವರ್ಷಗಳಿಗೂ ಮೀರಿ ಉತ್ತರ ದೊರೆತಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲ್ಲೂಕು ಕೇಂದ್ರಗಳಿಗೆ ತಮ್ಮ ಪೇಟೆಯೊಳಗೆ ರೈಲು ನಿಲ್ದಾಣವಿಲ್ಲ. ಮೂರೂ ಊರುಗಳು ಗೋಕಾಕ ರೋಡ್ ಅಥವಾ ಘಟಪ್ರಭಾವನ್ನೇ ಅವಲಂಬಿಸಿವೆ. ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯಕ್ಕೆ ಬರುವ ದೂರದ ವಿದ್ಯಾರ್ಥಿಗಳಿಗೂ, ಘಟಪ್ರಭಾದ ಕರ್ನಾಟಕ ಆರೋಗ್ಯ ಸಂಸ್ಥೆಯ ಆಸ್ಪತ್ರೆಗೆ ಬರುವ ರೋಗಿಗಳಿಗೂ ಇವೇ ಬಾಗಿಲುಗಳು.

ಎರಡೂ ನಿಲ್ದಾಣಗಳು ಕೇಂದ್ರ ಸರ್ಕಾರದ ಅಮೃತ ಭಾರತ ನಿಲ್ದಾಣ ಯೋಜನೆಗೆ ಆಯ್ಕೆಯಾದವು. 2025ರ ಮೇ 22ರಂದು ದೇಶದ 103 ನವೀಕೃತ ನಿಲ್ದಾಣಗಳು ಒಟ್ಟಿಗೆ ಉದ್ಘಾಟನೆಗೊಂಡಾಗ ಕರ್ನಾಟಕದ ಐದರಲ್ಲಿ ಗೋಕಾಕ ರೋಡ್ ಒಂದಾಗಿತ್ತು. ಉಳಿದವು ಧಾರವಾಡ, ಬಾಗಲಕೋಟೆ, ಗದಗ ಮತ್ತು ಮುನಿರಾಬಾದ್. ಕಟ್ಟಡ ಹೊಸದಾಗಿದೆ, ಇದು ಸಂತೋಷದ ಸಂಗತಿ. ಆದರೆ ಕಟ್ಟಡ ಹೊಸದಾದ ಮಾತ್ರಕ್ಕೆ ಊರು ಹತ್ತಿರ ಬರುವುದಿಲ್ಲ. ಅದೇ ಯೋಜನೆಯ ಉದ್ದೇಶಗಳ ಪಟ್ಟಿಯಲ್ಲಿ ಇತರ ಸಾರಿಗೆಯೊಡನೆ ಜೋಡಣೆ ಎಂಬ ಅಂಶವೂ ಇದೆ. ವ್ಯಾಪಾರಸ್ಥರು ಹಿಡಿದು ಕೇಳಬೇಕಾದದ್ದು ಆ ಒಂದು ಸಾಲನ್ನು.

ನಿಲ್ದಾಣ ಅಲ್ಲಿಯೇ ಏಕೆ?

1876-78ರ ಭೀಕರ ಬರಗಾಲದ ನಂತರ ಧಾನ್ಯ ಸಾಗಣೆಗೆ ರೈಲು ಬೇಕೆಂಬ ವಿಚಾರ ಗಟ್ಟಿಯಾಯಿತು. ಅದರ ಫಲವೇ ದಕ್ಷಿಣ ಮರಾಠಾ ರೈಲ್ವೆ. 1880ರ ದಶಕದ ಕೊನೆಗೆ ಮೀಟರ್ ಗೇಜ್ ಹಳಿ ಈ ಪ್ರದೇಶವನ್ನು ಹಾದುಹೋಯಿತು. ಗೋಕಾಕ ಜಲಪಾತದ ಬಳಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಆರಂಭವಾದದ್ದೂ 1887ರಲ್ಲಿ. ಅಂದಿನ ಅಭಿಯಂತರರು ನೋಡಿದ್ದು ಏರಿಳಿತ, ಹೊಳೆ ದಾಟುವ ಸ್ಥಳ, ಉಗಿಬಂಡಿಗೆ ನೀರು. ಪೇಟೆಯ ಅಂಗಡಿ ಸಾಲು ಅವರ ಲೆಕ್ಕದಲ್ಲಿ ಕೊನೆಯದು. ಮುಂದೆ 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಎಂದು ಆಡಳಿತ ಬದಲಾಯಿತು. 1990ರ ದಶಕದಲ್ಲಿ ಗೇಜ್ ಬದಲಾಯಿತು. ಇತ್ತೀಚೆಗೆ ಜೋಡಿ ಹಳಿಯೂ ಬಂದಿತು. ಎರಡನೆಯ ಹಳಿಯನ್ನು ಮೊದಲನೆಯದರ ಪಕ್ಕದಲ್ಲೇ ಹಾಕುವುದರಿಂದ ನಿಲ್ದಾಣದ ಸ್ಥಾನ ಮಾತ್ರ ಬದಲಾಗಲಿಲ್ಲ.

ಹಾಗಾದರೆ ನಿಲ್ದಾಣವನ್ನೇ ಪೇಟೆಗೆ ತರಬಾರದೇ? ಇದು ಕೇಳಲು ಇಂಪಾದ ಬೇಡಿಕೆ. ಆದರೆ ನಿಲ್ದಾಣ ಹಳಿಯನ್ನು ಬಿಟ್ಟು ಬರಲಾರದು. ಗೋಕಾಕ ಪೇಟೆಗೆ ಹಳಿ ಬರಬೇಕೆಂದರೆ ಸಮೀಕ್ಷೆ, ಮಂಜೂರಾತಿ, ಭೂಸ್ವಾಧೀನ ಇವೆಲ್ಲ ಆಗಬೇಕು. ಕಿತ್ತೂರು ಮೂಲಕ ಧಾರವಾಡ-ಬೆಳಗಾವಿ ನೇರ ಮಾರ್ಗ ಕೇವಲ 73 ಕಿ.ಮೀ. ಉದ್ದದ್ದು. 2020ರಲ್ಲಿ ಅದಕ್ಕೆ ಒಪ್ಪಿಗೆ ದೊರೆತ ಮೇಲೂ ಭೂಸ್ವಾಧೀನದಲ್ಲಿಯೇ ವರ್ಷಗಳು ಸರಿದವು. ಅಷ್ಟು ಕಾಲ ಕಾಯುವ ಬಂಡವಾಳ ಸಣ್ಣ ಉದ್ಯಮಿಯ ಬಳಿ ಇರುವುದಿಲ್ಲ.

ಪರದೇಶದ ಎರಡು ಪ್ರಸಂಗಗಳು ಇಲ್ಲಿ ಪ್ರಸ್ತುತ. ಅಮೆರಿಕದ ಸೇಂಟ್ ಪಾಲ್ ನಗರದ ಹಳೆಯ ಯೂನಿಯನ್ ಡಿಪೋ 1971ರಲ್ಲಿ ಪ್ರಯಾಣಿಕರಿಗೆ ಮುಚ್ಚಿತು. 1978ರಿಂದ ರೈಲುಗಳು ಮಿಡ್‌ವೇ ಎಂಬಲ್ಲಿನ ಬೇರೊಂದು ನಿಲ್ದಾಣದಲ್ಲಿ ನಿಲ್ಲತೊಡಗಿದವು. 2014ರ ಮೇ ತಿಂಗಳಲ್ಲಿ ನಿಲ್ದಾಣ ಮತ್ತೆ ಡಿಪೋಗೆ ಮರಳಿತು. ಮರುತಿಂಗಳೇ ಅದರ ಮುಂಭಾಗದಿಂದ ಮಿನಿಯಾಪೊಲಿಸ್‌ಗೆ ಲಘು ರೈಲು ಆರಂಭವಾಯಿತು.  ಗಮನಿಸಬೇಕಾದ ಅಂಶವೆಂದರೆ, ಸುಮಾರು 24.3 ಕೋಟಿ ಡಾಲರಿನ ಆ ಪುನರುಜ್ಜೀವನದ ಮುಂದಾಳತ್ವ ವಹಿಸಿದ್ದು ರೈಲು ಕಂಪನಿಯಲ್ಲ, ಅಲ್ಲಿನ ಜಿಲ್ಲಾ ಮಟ್ಟದ ಸ್ಥಳೀಯ ಪ್ರಾಧಿಕಾರ. ಇದಕ್ಕೆ ವ್ಯತಿರಿಕ್ತವಾದದ್ದು ಕೆನಡಾದ ರಾಜಧಾನಿ ಒಟ್ಟಾವಾ. ಅಲ್ಲಿ 1966ರಲ್ಲಿ ನಿಲ್ದಾಣವನ್ನು ನಗರದ ಮಧ್ಯದಿಂದ ಹೊರಕ್ಕೆ ಸಾಗಿಸಿದರು. ನಗರದ ಲಘು ರೈಲು ಆ ನಿಲ್ದಾಣವನ್ನು ಮುಟ್ಟಿದ್ದು 2019ರಲ್ಲಿ, ಅಂದರೆ 53 ವರ್ಷಗಳ ನಂತರ.

ನಮ್ಮ ಬೆಂಗಳೂರಿನ ಅನುಭವವೂ ಭಿನ್ನವಲ್ಲ. ಸುಮಾರು 314 ಕೋಟಿ ರೂ. ವೆಚ್ಚದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರ ಜೂನ್ 6ರಂದು ಕಾರ್ಯಾರಂಭ ಮಾಡಿತು. ಬೈಯಪ್ಪನಹಳ್ಳಿಗೆ ಮೆಟ್ರೋ ಬಂದದ್ದು 2011ರಲ್ಲಿಯೇ. ಎರಡೂ ಒಂದೇ ಪ್ರದೇಶದಲ್ಲಿದ್ದರೂ ಒಂದರಿಂದ ಇಳಿದು ಇನ್ನೊಂದನ್ನು ಹತ್ತುವ ನೇರ ದಾರಿ ಇಲ್ಲದೆ, ಗಂಟುಮೂಟೆ ಹೊತ್ತ ಪ್ರಯಾಣಿಕರು ಆಟೋ ಚಾಲಕರು ಹೇಳಿದ ದರ ಕೊಟ್ಟರು. ಬಸ್ಸುಗಳ ವ್ಯವಸ್ಥೆ ನಂತರದ್ದು. ವಿಮಾನ ನಿಲ್ದಾಣದ ಬಳಿಯ ಹಾಲ್ಟ್ ನಿಲ್ದಾಣದ ಕಥೆ ಬೇರೆ. 2021ರ ಜನವರಿ 4ರಂದು ಅದು ಆರಂಭವಾದಾಗ ಟರ್ಮಿನಲ್‌ಗೆ ಬಸ್ಸಿನ ಏರ್ಪಾಡೂ ಇತ್ತು. ಆದರೂ ಜನ ಹೆಚ್ಚಾಗಿ ಬರಲಿಲ್ಲ, ಏಕೆಂದರೆ ರೈಲುಗಳು ಕೆಲವೇ, ಅವುಗಳ ವೇಳೆಯೂ ಹೊಂದಲಿಲ್ಲ. ಸಾಮೀಪ್ಯವಿದ್ದರೂ ವೇಳೆ ಹೊಂದದಿದ್ದರೆ ಪ್ರಯೋಜನವಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಖಾತೆಗೆ ಬಾರದ ಖರ್ಚು

ಈಗ ಲೆಕ್ಕದ ವಿಷಯ. ಕೆಳಗಿನ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ನೋಡಬಹುದು. ಒಬ್ಬ ಕರದಂಟು ತಯಾರಕ ತಿಂಗಳಿಗೆ ನಾಲ್ಕು ಬಾರಿ ರೈಲಿನಲ್ಲಿ ಪರಊರಿಗೆ ಹೋಗುತ್ತಾನೆ ಎನ್ನೋಣ. ಮನೆಯಿಂದ ನಿಲ್ದಾಣಕ್ಕೆ, ಮರಳಿ ನಿಲ್ದಾಣದಿಂದ ಮನೆಗೆ, ಒಂಟಿಯಾಗಿ ಆಟೋ ಮಾಡಿದರೆ ಒಂದು ಸಲಕ್ಕೆ 250 ರೂ.ನಂತೆ ಒಂದು ಪ್ರವಾಸಕ್ಕೆ 500 ರೂ. ತಿಂಗಳಿಗೆ 2,000, ವರ್ಷಕ್ಕೆ 24,000 ರೂ. ರೈಲಿನ ವೇಳೆಗೆ ಸರಿಯಾಗಿ ಬಸ್ಸು ಇದ್ದು, ಅದರ ದರ 20 ರೂ. ಆಗಿದ್ದರೆ ವರ್ಷದ ಖರ್ಚು 1,920 ರೂ. ವ್ಯತ್ಯಾಸ 22,080 ರೂ. ವಾರ್ಷಿಕ 40 ಲಕ್ಷ ರೂ. ವಹಿವಾಟಿನ ಮೇಲೆ ಶೇ. 8ರಂತೆ ಅಂದಾಜು ಲಾಭ ಘೋಷಿಸುವ ವ್ಯಾಪಾರಿಯ ಲಾಭ 3,20,000 ರೂ. ಅದರಲ್ಲಿ ಸುಮಾರು ಶೇ. 7ರಷ್ಟು ಊರಿಗೂ ನಿಲ್ದಾಣಕ್ಕೂ ನಡುವೆಯೇ ಸೋರಿಹೋದಂತೆ.

ಈ ಸೋರಿಕೆ ಯಾರ ಕಣ್ಣಿಗೂ ಬೀಳದಿರಲು ಕಾರಣವಿದೆ. ಅಂದಾಜು ಲಾಭದ ಪದ್ಧತಿಯಲ್ಲಿ ಎಲ್ಲ ಖರ್ಚುಗಳನ್ನೂ ಈಗಾಗಲೇ ಕಳೆಯಲಾಗಿದೆ ಎಂದು ಕಾನೂನು ಭಾವಿಸುತ್ತದೆ. ಆದ್ದರಿಂದ ಆಟೋ ಬಾಡಿಗೆಗೆ ಯಾರೂ ವೋಚರ್ ಬರೆಯುವುದಿಲ್ಲ. ಪೂರ್ಣ ಲೆಕ್ಕ ಇಡುವವರೂ ಅದನ್ನು 'ಇತರೆ ಖರ್ಚು' ಎಂಬ ತಲೆಬರಹದಡಿ ತಳ್ಳಿಬಿಡುತ್ತಾರೆ. ವರ್ಷದ ಕೊನೆಗೆ ಜಮಾ-ಖರ್ಚಿನಲ್ಲಿ ಅದಕ್ಕೆ ಹೆಸರೇ ಇರುವುದಿಲ್ಲ. ಹೆಸರಿಲ್ಲದ ಖರ್ಚಿನ ಬಗ್ಗೆ ಮನವಿ ಸಲ್ಲಿಸುವುದು ಹೇಗೆ?

ಸರಕಿನ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ನಿಲುಗಡೆ ಒಂದೆರಡು ನಿಮಿಷ ಮಾತ್ರ ಇದ್ದರೆ ಪಾರ್ಸೆಲ್ ಏರಿಸುವುದು ಕಷ್ಟ. ಏರಿಸಲು ಸಾಧ್ಯವಾದರೂ ಪೇಟೆಯಿಂದ ನಿಲ್ದಾಣಕ್ಕೆ ಟೆಂಪೋ ಬಾಡಿಗೆ, ಹಮಾಲಿ, ಮತ್ತೆ ಆಚೆ ಊರಿನಲ್ಲಿ ಅದೇ ಪುನರಾವರ್ತನೆ. ಖಾಸಗಿ ಸ್ಲೀಪರ್ ಬಸ್ಸು ಪೇಟೆಯ ನಡುವೆಯೇ ನಿಂತು ಡಬ್ಬಿಯನ್ನು ಎತ್ತಿಕೊಳ್ಳುತ್ತದೆ. ರೈಲಿನ ದರ ಎಷ್ಟೇ ಅಗ್ಗವಿದ್ದರೂ ಎರಡು ತುದಿಗಳು ಅದನ್ನು ನುಂಗಿಹಾಕುತ್ತವೆ. ಕರದಂಟಾಗಲಿ, ಗೋಕಾಕದ ಮರದ ಬೊಂಬೆಯಾಗಲಿ ರೈಲನ್ನು ಬಿಟ್ಟು ರಸ್ತೆ ಹಿಡಿದರೆ ಆಶ್ಚರ್ಯವಿಲ್ಲ.

ಇದರಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ನಿಲ್ದಾಣ ತಲುಪುವುದೇ ತ್ರಾಸವೆಂದು ಅನೇಕರು ಬಸ್ಸಿನಲ್ಲಿ ಬೆಳಗಾವಿಗೆ ಹೋಗಿ ಅಲ್ಲಿಂದ ರೈಲು ಹತ್ತುತ್ತಾರೆ. ಆ ಟಿಕೆಟ್ ಬೆಳಗಾವಿಯ ಲೆಕ್ಕಕ್ಕೆ ಸೇರುತ್ತದೆ. ಉಳಿದವರು ಗೋಕಾಕ ರೋಡ್ ಮತ್ತು ಘಟಪ್ರಭಾ ನಡುವೆ ಹಂಚಿಹೋಗುತ್ತಾರೆ. ಹೊಸ ನಿಲುಗಡೆ ಕೇಳಿದಾಗ ರೈಲ್ವೆ ನೋಡುವುದು ಆಯಾ ನಿಲ್ದಾಣದ ಟಿಕೆಟ್ ಆದಾಯವನ್ನು. ಮೂರು ತಾಲ್ಲೂಕುಗಳ ನಿಜವಾದ ಬೇಡಿಕೆ ಹೀಗೆ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ನಿಲುಗಡೆ ಇಲ್ಲವೆಂದು ಜನ ಬರುವುದಿಲ್ಲ, ಜನ ಬರುವುದಿಲ್ಲವೆಂದು ನಿಲುಗಡೆ ದೊರೆಯುವುದಿಲ್ಲ.

ಜೋಡಣೆ ಎಂದರೇನು?

ನಿಲ್ದಾಣ ಸ್ಥಳಾಂತರವಾಗದಿದ್ದರೂ ಬಸ್ಸು ಹತ್ತುವ ಸ್ಥಳವನ್ನು ನಿಲ್ದಾಣದ ಬಾಗಿಲಿಗೆ ಸ್ಥಳಾಂತರಿಸಬಹುದು. ಇದಕ್ಕೆ ಹಳಿ ಬೇಡ, ಭೂಸ್ವಾಧೀನ ಬೇಡ. ಹುಬ್ಬಳ್ಳಿಯಲ್ಲಿ ರೈಲು ಇಳಿದವರಿಗೆ ಧಾರವಾಡದ ಚಿಗರಿ ಬಸ್ಸು ನಿಲ್ದಾಣದ ಸಮೀಪದಲ್ಲೇ ಸಿಗುತ್ತದೆ. ಸುಬ್ರಹ್ಮಣ್ಯ ರೋಡ್‌ನಲ್ಲಿ ರೈಲು ಬರುವ ಹೊತ್ತಿಗೆ ವಾಹನಗಳು ಕಾದು ನಿಂತಿರುತ್ತವೆ. ಅಲ್ಲಿ ದೇವರ ದರ್ಶನಕ್ಕೆ ಬರುವವರ ಸಂಖ್ಯೆಯೇ ವ್ಯವಸ್ಥೆಯನ್ನು ಹುಟ್ಟಿಸಿತು. ಇಲ್ಲಿ ವ್ಯಾಪಾರವೇ ಅದನ್ನು ಕೇಳಿ ಪಡೆಯಬೇಕಾಗುತ್ತದೆ.

ಎರಡು ನಿಲ್ದಾಣಗಳ ಪೈಕಿ ಘಟಪ್ರಭಾಕ್ಕೆ ಒಂದು ಅನುಕೂಲವಿದೆ. ಸಂಕೇಶ್ವರದಿಂದ ಹುಕ್ಕೇರಿ, ಘಟಪ್ರಭಾ, ಗೋಕಾಕ ಮೂಲಕ ಯರಗಟ್ಟಿಗೆ ಹೋಗುವ ಹೆದ್ದಾರಿ ಆ ಊರನ್ನು ಹಾದುಹೋಗುತ್ತದೆ. ಅಂದರೆ ಹೊಸ ಮಾರ್ಗ ಬೇಕಿಲ್ಲ, ಓಡುತ್ತಿರುವ ಬಸ್ಸುಗಳಲ್ಲಿ ಕೆಲವನ್ನು ರೈಲಿನ ವೇಳೆಗೆ ಹೊಂದಿಸಿ ನಿಲ್ದಾಣದ ಆವರಣಕ್ಕೆ ತಂದರೆ ಅರಭಾವಿ, ಮೂಡಲಗಿ, ಹುಕ್ಕೇರಿ ಮೂರಕ್ಕೂ ಪ್ರಯೋಜನ. ಆದರೆ ಮಳೆಗಾಲದ ಮಾತು ಬೇರೆ. ಗೋಕಾಕದ ಬಳಿಯ ಲೋಳಸೂರ ಸೇತುವೆ 2019ರಲ್ಲಿಯೂ 2024ರಲ್ಲಿಯೂ ಪ್ರವಾಹದ ನೀರಿನಲ್ಲಿ ಮುಳುಗಿತ್ತು. ಆ ದಿನಗಳಲ್ಲಿ ಘಟಪ್ರಭಾ ನಿಲ್ದಾಣ ಗೋಕಾಕದವರಿಗೆ ಕಾಣುವ, ಕೈಗೆಟುಕದ ವಸ್ತುವಾಗುತ್ತದೆ. ಆದ್ದರಿಂದ ಗೋಕಾಕ ರೋಡ್ ಅನ್ನು ಕೈಬಿಡುವಂತಿಲ್ಲ. ಹೊಸ ಕಟ್ಟಡಕ್ಕೆ ಹಣ ಹಾಕಿದ ಮೇಲೆ ಅದಕ್ಕೆ ಬಸ್ಸು ಕೊಡದಿರುವುದು ಅಂಗಡಿ ಕಟ್ಟಿಸಿ ಮೆಟ್ಟಿಲು ಇಡದಂತೆ.

ಯಾರ ಬಳಿ ಕೇಳಬೇಕು ಎಂಬಲ್ಲಿಯೇ ಹೆಚ್ಚಿನ ಮನವಿಗಳು ದಾರಿ ತಪ್ಪುತ್ತವೆ. ರೈಲಿನ ವೇಳೆ ಹಾಗೂ ನಿಲುಗಡೆ ರೈಲ್ವೆಗೆ ಸೇರಿದ್ದು. ಬಸ್ಸಿನ ವೇಳೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಚಿಕ್ಕೋಡಿ ವಿಭಾಗದ್ದು. ಆಟೋ ದರ ನಿಗದಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ್ದು. ಒಂದೇ ಮನವಿಯಲ್ಲಿ ಮೂರನ್ನೂ ಕೇಳಿದರೆ ಮೂವರೂ ಅದನ್ನು ಇನ್ನೊಬ್ಬರಿಗೆ ಕಳುಹಿಸುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳಲ್ಲಿ ಜನದಟ್ಟಣೆ ಹೆಚ್ಚಿದೆ. ಹಾಗಾಗಿ ಹೆಚ್ಚುವರಿ ಬಸ್ಸು ಎಂದೊಡನೆ ಸಾರಿಗೆ ಸಂಸ್ಥೆ ಹಿಂಜರಿಯುವುದು ಸಹಜ. ಇರುವ ಬಸ್ಸಿನ ವೇಳೆಯನ್ನು ಹದಿನೈದು ನಿಮಿಷ ಸರಿಸಿ ಎಂಬ ಕೋರಿಕೆಗೆ ಅಷ್ಟು ಸುಲಭವಾಗಿ ಇಲ್ಲವೆನ್ನಲಾಗದು.

ರೈಲ್ವೆಯ ವಿಭಾಗೀಯ ಬಳಕೆದಾರರ ಸಲಹಾ ಸಮಿತಿಯಲ್ಲಿ ವಾಣಿಜ್ಯೋದ್ಯಮ ಸಂಸ್ಥೆಗಳಿಗೆ ಪ್ರಾತಿನಿಧ್ಯವಿದೆ. ಅಲ್ಲಿ ಅಹವಾಲಿಗಿಂತ ಅಂಕಿಗೆ ಬೆಲೆ ಹೆಚ್ಚು. ಮೂರು ತಾಲ್ಲೂಕುಗಳ ವ್ಯಾಪಾರಸ್ಥರು ಒಂದು ತಿಂಗಳ ಕಾಲ ಐದು ಕಲಮುಗಳ ಪಟ್ಟಿ ಬರೆದಿಟ್ಟರೆ ಸಾಕು: ಪ್ರಯಾಣದ ದಿನಾಂಕ, ರೈಲು ಹತ್ತಿದ ನಿಲ್ದಾಣ, ಅಲ್ಲಿಗೆ ತಲುಪಲು ಆದ ಖರ್ಚು, ಕಾದ ಸಮಯ, ಕಳುಹಿಸಿದ ಅಥವಾ ಕಳುಹಿಸಲಾಗದೆ ಉಳಿದ ಸರಕಿನ ತೂಕ. ಬೆಳಗಾವಿಯಿಂದ ರೈಲು ಹತ್ತಿದವರು ಅದನ್ನೂ ನಮೂದಿಸಬೇಕು, ಏಕೆಂದರೆ ರೈಲ್ವೆಯ ದಾಖಲೆಯಲ್ಲಿ ಕಾಣದ ಸಂಖ್ಯೆ ಅದೇ. ಹೀಗೆ ಕೂಡಿಸಿದ ಪಟ್ಟಿಯ ಒಂದು ಪ್ರತಿ ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಕಚೇರಿಗೆ, ಇನ್ನೊಂದು ಚಿಕ್ಕೋಡಿಯ ಸಾರಿಗೆ ವಿಭಾಗಕ್ಕೆ ತಲುಪಬೇಕು. ಅದೂ ರೈಲಿನ ಹೊಸ ವೇಳಾಪಟ್ಟಿ ಅಚ್ಚಾಗುವ ಮೊದಲು.